ದೊಡ್ಡಮ್ಮನ ಪದವೂ ನನ್ನ ಮೊಬೈಲೂ

ಹಾಡಿನ ವಿಷಯದಲ್ಲಿ ನನಗಿರುವ ಅಹಂಕಾರ ಸಣ್ಣದಲ್ಲ. ಶ್ರುತಿ, ತಾಳ ಯಾವುದೂ ತಿಳಿಯದಿದ್ದರೂ ಈಗಿನ ಹಾಡುಗಳನ್ನು ಬೈಯುವುದರಲ್ಲಿ ನಾನು ಪಂಡಿತ. ಅರಸೀಕೆರೆಯಿಂದ ಹಳೇಬೀಡಿನ ಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗುವ ಮೇಷ್ಟ್ರು ನಾನು. ಡ್ರೈವರ್ ಹಾಕುವ ಹಾಡು ಯುಗಾದಿಗೆ ಹುಟ್ಟಿ ಗೌರಿಹಬ್ಬದೊಳಗೆ ಸತ್ತುಹೋಗುವುದನ್ನು ಎಷ್ಟು ಸಲ ಕಂಡಿದ್ದೇನೋ. "ಇದೂ ಒಂದು ಹಾಡೇನ್ರೀ? ನಮ್ಮ ದೊಡ್ಡಮ್ಮನ ಸೋಬಾನೆ ಕೇಳ್ಬೇಕು ನೀವು" ಎಂದು ಪಕ್ಕದವರ ತಲೆ ತಿನ್ನುತ್ತಿದ್ದೆ. ಅವರು ಕಿಟಕಿ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದರು.

ಜಾವಗಲ್ಲಿನ ಆ ದೊಡ್ಡಮ್ಮ, ನನ್ನ ತಾಯಿಯ ಅಕ್ಕ, ನಮ್ಮ ಕಡೆಯ ಮದುವೆಗಳಿಗೆಲ್ಲ ಪದ ಹೇಳಿದವಳು. ಅವಳು ಒಂದು ಸೊಲ್ಲು ಹೇಳಿ ನಿಲ್ಲಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು; ಆಮೇಲೇ ಮುಂದಿನ ಸೊಲ್ಲು. ನಾಲ್ಕು ವರ್ಷದ ಹಿಂದೆ ನನ್ನ ಮಗಳು ಸುಮಾಳ ಅರಿಶಿನದ ಶಾಸ್ತ್ರದ ದಿನ ಅವಳೂ ಗೆಳತಿಯರೂ ಸ್ಪೀಕರ್ ಹಾಕಿಕೊಂಡು ಆ ತಿಂಗಳ ಹಿಟ್ ಹಾಡಿಗೆ ಕುಣಿಯುತ್ತಿದ್ದರು. ಹೆಂಗಸರೆಲ್ಲ ಕುಣಿತ ನೋಡುತ್ತಾ ನಿಂತಿದ್ದರು. "ಅದ್ನ ಒಸಿ ನಿಲ್ಸಪ್ಪ, ಎಲ್ಡೇ ಪದ ಹೇಳ್ಬುಡ್ತೀನಿ" ಎಂದಳು ದೊಡ್ಡಮ್ಮ. ಹುಡುಗಿಯರ ಸಂಭ್ರಮ ಕೆಡಿಸಲು ನನಗೆ ಮನಸ್ಸಾಗಲಿಲ್ಲ. "ನೀನು ಹೇಳು ದೊಡ್ಡಮ್ಮ, ನಾನು ಮೊಬೈಲಲ್ಲಿ ಹಿಡ್ಕೋತೀನಿ. ಯಾವಾಗ ಬೇಕಾದ್ರೂ ಕೇಳ್ಬೋದು" ಎಂದೆ. ಅವಳು ನಂಬಿದಳು. ನಾನೂ ನಂಬಿ, ಕೇಳುವ ಕೆಲಸವನ್ನು ಮೊಬೈಲಿಗೆ ವಹಿಸಿ ನಿಶ್ಚಿಂತನಾದೆ.

ಹೋದ ಆಷಾಢದಲ್ಲಿ ದೊಡ್ಡಮ್ಮ ತೀರಿಕೊಂಡಳು. ಮೊನ್ನೆ ಸೀಮಂತಕ್ಕೆಂದು ಬಂದ ಸುಮಾ, "ಅಪ್ಪ, ದೊಡ್ಡಜ್ಜಿ ಪದ ನಿನ್ನ ಮೊಬೈಲಲ್ಲಿದೆಯಲ್ಲ, ಹಾಕಪ್ಪ. ಕಲ್ತ್ಕೋತೀನಿ. ಇನ್ಯಾರಿಗೂ ಬರಲ್ಲ ಅದು" ಎಂದಳು. ಹೆಮ್ಮೆಯಿಂದ ಹಾಕಿದೆ. ದೊಡ್ಡಮ್ಮ ಕಾಣುತ್ತಾಳೆ, ಬಾಯಿ ಆಡುತ್ತದೆ; ಕೇಳುವುದೆಲ್ಲ ಆ ಹಿಟ್ ಹಾಡು. ಅದು ಯಾವ ಸಿನಿಮಾದ್ದೆಂದು ಕುಣಿದಿದ್ದ ಸುಮಾಳಿಗೇ ನೆನಪಿರಲಿಲ್ಲ. ನನಗೆ ಅಳು ಬಂತು. ಅಳುವುದು ಬಿಟ್ಟು ಸ್ಪೀಕರನ್ನೂ, ಆ ಹಾಡು ಕಟ್ಟಿದವನನ್ನೂ ಬಾಯಿಗೆ ಬಂದಂತೆ ಬೈದೆ.

"ಸುಮ್ನಿರಪ್ಪ, ಇನ್ನೊಂದು ಸಲ ಹಾಕು" ಎಂದಳು. ತುಟಿ ನೋಡಿಯಾದರೂ ಒಂದು ಸೊಲ್ಲು ಹಿಡಿಯುವ ಆಸೆ ಅವಳಿಗೆ. ದೊಡ್ಡಮ್ಮ ಸೊಲ್ಲು ಮುಗಿಸಿ ನಿಲ್ಲುತ್ತಾಳೆ. ತಿರುಗಿ ಹೇಳುವವರು ಯಾರೂ ಇಲ್ಲದೆ, ಮೊಬೈಲು ಹಿಡಿದ ನನ್ನ ಮುಖವನ್ನೇ ನೋಡುತ್ತಾಳೆ. ಆಗ ವಿಡಿಯೋದಲ್ಲಿ ತೀರಾ ಹತ್ತಿರದಿಂದ ಒಂದು ಗಂಡಸಿನ ದನಿ ಆ ಹಿಟ್ ಹಾಡನ್ನು, ಒಂದಕ್ಷರ ಬಿಡದೆ, ಗುನುಗುತ್ತದೆ.

ದನಿ ನನ್ನದೇ. ತಾಳ ಕೂಡ ತಪ್ಪಿರಲಿಲ್ಲ.