ಅಜ್ಜಿಬೆನ್ನಿನ ತೋಳಮೀನಿನವರಿಗೆ, ಮನೆ ಬದಲಿಸುವ ವಿಚಾರವಾಗಿ

ಪೆಟಿಟ್ ಆನ್ಸ್ ಬಂದರು, ನೋವಾ ಸ್ಕೋಶಿಯಾ
ನವೆಂಬರ್ ಕೊನೆಯ ವಾರ

ಮಾನ್ಯರೇ,

ಕೊಲ್ಲಿಯ ತಳದಲ್ಲಿ ಬಂಡೆಗಳ ಸಂದಿನೊಳಗೆ ಗೃಹಸ್ಥರಾಗಿ ನೆಲೆಸಿರುವ, ತುಟಿ ಮುಚ್ಚಿದರೂ ಮುಚ್ಚದ ಕೋರೆಹಲ್ಲುಗಳಿಂದ ಶೋಭಿಸುವ ತಮ್ಮ ಪಾದಾರವಿಂದಗಳಿಗೆ, ಪಾದಗಳಿಲ್ಲವೆಂಬುದು ಗೊತ್ತಿದ್ದರೂ ಬೇರೇನು ಬರೆಯಬೇಕೆಂದು ತಿಳಿಯದೆ, ಥಿಯೋಫೀಲ್ ಮೆಲಾನ್ಸನ್ ಎಂಬ ದೋಣಿ ನಡೆಸುವ ಬಡ ತಾಂಡೇಲನ ಸವಿನಯ ನಮಸ್ಕಾರಗಳು. ತಾವೂ, ಇನ್ನೂ ಮೊಟ್ಟೆಯೊಳಗೇ ಇರುವ ತಮ್ಮ ಸಂತಾನವೂ ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಶ್ರೀಮತಿಯವರು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿದರೆಂದೂ, ತಿಂಗಳುಗಟ್ಟಲೆ ಕಾಯುವ ಕೆಲಸ ಗಂಡನ ಪಾಲಿಗೇ ಬರುವುದು ತಮ್ಮ ಕುಲದ ಪದ್ಧತಿಯೆಂದೂ ವಿಜ್ಞಾನಿಯೊಬ್ಬರಿಂದ ತಿಳಿಯಿತು. ಈ ಸಂಗತಿಯನ್ನು ನಾನು ನನ್ನ ಹೆಂಡತಿ ಲೂಸೀಲ್‌ಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

ನನ್ನ ಪರಿಚಯ ತಮಗೆ ಇಲ್ಲದಿರಬಹುದು, ಆದರೆ ನನ್ನ ಸದ್ದು ತಾವು ಕೇಳಿರುತ್ತೀರಿ. ಸ್ಕಾಲಪ್ ಎಂಬ ಬೀಸಣಿಗೆಯಾಕಾರದ ಚಿಪ್ಪನ್ನು ಕಡಲ ತಳದಿಂದ ಕೆರೆದು ತೆಗೆಯುವುದು ನನ್ನ ಕಸುಬು. ಅದಕ್ಕಾಗಿ ಕಬ್ಬಿಣದ ಬಳೆಗಳನ್ನು ಹೆಣೆದ, ಮುಂದೆ ಹಲ್ಲುಗಳಿರುವ ಗೋರುಬಲೆಯನ್ನು ದೋಣಿಯ ಹಿಂದೆ ಎಳೆಯುತ್ತೇವೆ. ನನ್ನ ಅಪ್ಪ ಎಳೆದ, ಅಪ್ಪನ ಅಣ್ಣ ಎಳೆದ, ನಾನೂ ಎಳೆದೆ. ಇದೇ ತಿಂಗಳ ಮೊದಲಿನವರೆಗೆ ನಾನು ಗೋರುದೋಣಿಗಳ ಸಂಘದ ಅಧ್ಯಕ್ಷನೂ ಆಗಿದ್ದೆ. ಅಧ್ಯಕ್ಷನಿಗೆ ತಕ್ಕ ಹೊಟ್ಟೆಯೂ ಗಂಟಲೂ ನನಗಿದ್ದವು. ಈಗ ಹೊಟ್ಟೆ ಮಾತ್ರ ಉಳಿದಿದೆ. ಇದೇ ತಮ್ಮ ಮೇಲೆ ನನ್ನ ದೂರಿನ ತಾತ್ಪರ್ಯ, ವಿವರ ಮುಂದಿದೆ.

ಕೊಲ್ಲಿಯ ನಡುವೆ ತಳ ಉಬ್ಬಿರುವ ಜಾಗಕ್ಕೆ ನಮ್ಮ ಹಿರಿಯರು ಅಜ್ಜಿಬೆನ್ನು ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಗೋರುಬಲೆ ಇಳಿಸುವುದನ್ನು ನಿಲ್ಲಿಸಬೇಕೆಂದು ಕೊಲ್ಲಿತಳ ಮಂಡಳಿಯವರು ಶರತ್ಕಾಲದಲ್ಲಿ ನಮ್ಮ ಚರ್ಚಿನ ಸಭಾಂಗಣದಲ್ಲಿ ಸಭೆ ಕರೆದರು. ಸಂಘದ ಪರವಾಗಿ ನಾನು ಎದ್ದು ನಿಂತು, ಮೇಜು ಗುದ್ದಿ, ಇಂದಿಗೂ ಊರಿನವರು ಅಣಕಿಸುವ ಆ ಭಾಷಣ ಮಾಡಿದೆ. “ಕಡಲ ತಳ ಅಂದ್ರೆ ಹೊಲ ಇದ್ದ ಹಾಗೆ ಸ್ವಾಮಿ! ಉಳದೇ ಬಿಟ್ರೆ ಬಂಜರು ಬೀಳುತ್ತೆ. ಅಲ್ಲಿ ಕಲ್ಲು ಬಿಟ್ರೆ ಏನಿದೆ? ನಾನು ನೋಡದೇ ಇರೋ ತಳವಾ ಅದು?”

ಹಿಂದಿನ ಬೆಂಚಿನಿಂದ ನನ್ನ ಹೆಂಡತಿಯ ಅಕ್ಕ ಒಬೆಲಿನ್ ಎದ್ದಳು. ಅವಳು ಪುಟ್ಟ ದೋಣಿಯಲ್ಲಿ ಒಬ್ಬಳೇ ಹೋಗಿ ಗಾಳ ಹಾಕಿ ಮೀನು ಹಿಡಿಯುವವಳು. ನಮ್ಮ ಬಲೆಗಳು ಮೀನಿನ ತವರನ್ನೇ ಕೆರೆದುಹಾಕುತ್ತಿವೆ ಎಂಬುದು ಅವಳ ಹಳೆಯ ವಾದ.

“ನೋಡಿದೀಯಾ ಥಿಯೋ?” ಎಂದಳು. “ಯಾವಾಗಪ್ಪ ಇಳಿದಿದ್ದೆ? ನಿಂಗೆ ಈಜೋಕೇ ಬರಲ್ವಲ್ಲ!”

ಸಭೆ ಘೊಳ್ಳೆಂದಿತು. ಈಜು ಬಾರದ ತಾಂಡೇಲರು ನಮ್ಮ ಬಂದರಿನಲ್ಲಿ ಬೇಕಾದಷ್ಟಿದ್ದಾರೆ, ಆದರೆ ಆ ಹೊತ್ತಿಗೆ ನಿಂತಿದ್ದವನು ನಾನೊಬ್ಬನೇ. ಕಿವಿ ಬಿಸಿಯಾಗಿ, ಬಾಯಿಗೆ ಬಂದದ್ದನ್ನು ಆಡಿದೆ: “ಕ್ಯಾಮೆರಾ ತನ್ನಿ, ನನ್ನ ದೋಣೀಲೇ ಇಳಿಸೋಣ! ಹೆಸರಿಟ್ಟು ಕರೆಯೋ ಅಂಥ ಒಂದೇ ಒಂದು ಜೀವ ಕಾಣಿಸ್ಲಿ, ಮುಚ್ಚೋಕೆ ಮೊದಲನೇ ಕೈ ನಂದೇ!” ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮಾತನ್ನು ಹಿಂತೆಗೆದುಕೊಳ್ಳುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ.

ಹೀಗೆ ಒಂದು ಬೆಳಗ್ಗೆ ನನ್ನ ದೋಣಿ ‘ಲಾ ಪಾಸಿಯಾನ್ಸ್’ ಅಜ್ಜಿಬೆನ್ನಿಗೆ ಹೊರಟಿತು. ಮಂಡಳಿಯ ವಿಜ್ಞಾನಿ ಮಿಸ್ ಹಾರ್ಲೋ ಉಕ್ಕಿನ ಪಂಜರದೊಳಗಿನ ಕ್ಯಾಮೆರಾವನ್ನು ಮಗುವಿನಂತೆ ತಬ್ಬಿ ಕುಳಿತಿದ್ದರು. ಸಾಕ್ಷಿಗೆಂದು ಒಬೆಲಿನ್ ಬಂದಿದ್ದಳು. ಡೆಕ್ಕಿನ ಮೇಲೆ ನನ್ನ ಬಹುಕಾಲದ ಕೆಲಸಗಾರ ಡೆಲ್ಫಿಸ್. ಕ್ಯಾಮೆರಾ ಇಳಿಯಿತು, ಚುಕ್ಕಾಣಿ ಕೋಣೆಯಲ್ಲಿದ್ದ ಪರದೆಯ ಮೇಲೆ ತಳ ಮೂಡಿತು. ಜಲ್ಲಿ, ಒಡೆದ ಚಿಪ್ಪಿನ ಚೂರು, ಮತ್ತೆ ಜಲ್ಲಿ. ನಾನು ಕುಣಿಯುವುದೊಂದು ಬಾಕಿ. “ಏನಾದ್ರೂ ಇದೆಯಾ? ಹೇಳಿರ್ಲಿಲ್ವಾ, ಏನೂ ಇಲ್ಲ!”

“ಈ ಉದ್ದುದ್ದ ಗೀರುಗಳೇನು ತಾಂಡೇಲರೇ?” ಎಂದು ಮಿಸ್ ಹಾರ್ಲೋ ಕೇಳಿದರು. ನೀರಿನ ಸೆಳೆತಕ್ಕೆ ಆಗುವ ಗೀರುಗಳೆಂದು ನಾನು ಗಂಭೀರವಾಗಿ ವಿವರಿಸಿದೆ. ಡೆಲ್ಫಿಸ್ ಸುಳ್ಳು ಹೇಳಲಾರದ ದುರಭ್ಯಾಸದವನು. ಪರದೆಗೆ ಮೂಗು ತಾಗಿಸಿ, “ನೀರಲ್ಲ ತಾಂಡೇಲ್ರೇ, ನಮ್ಮ ಬಲೇನೇ. ಅದರದ್ದು ಒಂದು ಹಲ್ಲು ಮುರಿದಿದೆಯಲ್ಲ, ಅದಕ್ಕೇ ನಡುವೆ ಒಂದು ಗೀರು ಕಮ್ಮಿ ಇದೆ ನೋಡಿ” ಎಂದು ಬಹಳ ಸಂತೋಷದಿಂದ ತೋರಿಸಿದ.

“ಮನೆ ಗುಡಿಸಿ ಹೊರಗೆ ಹಾಕಿಬಿಟ್ಟು, ಮನೇಲಿ ಏನೂ ಇಲ್ಲ ಅಂತ ಕುಣೀತಿದೀಯಲ್ಲೋ” ಎಂದಳು ಒಬೆಲಿನ್.

ಅಷ್ಟರಲ್ಲಿ ನೀರಿನ ಸೆಳೆತ ಕ್ಯಾಮೆರಾವನ್ನು ಬಂಡೆಗಳ ಸಾಲಿನಾಚೆ ಒಯ್ದಿತು. ಬಲೆ ಹರಿಯುತ್ತದೆಂಬ ಭಯಕ್ಕೆ ಅತ್ತ ನಾವು ಯಾರೂ ಎಂದೂ ಎಳೆದವರಲ್ಲ. ಮಾನ್ಯರೇ, ತಮ್ಮ ಊರಿನ ವರ್ಣನೆಯನ್ನು ತಮಗೇ ಮಾಡುವುದು ಅಧಿಕಪ್ರಸಂಗ. ಆದರೂ ಮೊದಲ ಸಲ ಕಂಡವನ ಪಾಡು ಕೇಳಿ. ಕಪ್ಪು ಪಚ್ಚಿಲೆ ಚಿಪ್ಪುಗಳು ಒಂದರ ಮೇಲೊಂದು ಕೂತು ದಿಣ್ಣೆಗಳಾಗಿದ್ದವು. ದಿಣ್ಣೆಯ ಮೇಲೆ ಹಳದಿ ಸ್ಪಂಜುಗಳು, ಸ್ಪಂಜಿನ ಸಂದಿಯಲ್ಲಿ ಕೆಂಪು ಕಡಲಹೂಗಳು, ಅವುಗಳ ನಡುವೆ ಬೆರಳುದ್ದದ ಕಾಡ್ ಮೀನಿನ ಮರಿಗಳು ಶಾಲೆ ಬಿಟ್ಟ ಮಕ್ಕಳಂತೆ ನುಗ್ಗಾಡುತ್ತಿದ್ದವು. ನಾನು ಹೊಲವೆಂದು ಉತ್ತಿದ್ದು ಇಂಥದ್ದನ್ನೇ ಇರಬೇಕೆಂಬ ಯೋಚನೆ ಬಂದು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡೆ. ನನ್ನ ಸುದೈವಕ್ಕೆ ಯಾರೂ ನನ್ನತ್ತ ನೋಡುತ್ತಿರಲಿಲ್ಲ.

ಆಗ ತಾವು ದರ್ಶನ ಕೊಟ್ಟಿರಿ. ಅಂಥ ಮುಖವನ್ನು ನಾನು ಕನ್ನಡಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಸಂದಿನಿಂದ ಹೊರಬಂದವರೇ, ಅತಿಥಿಯೆಂದೂ ನೋಡದೆ, ಕ್ಯಾಮೆರಾದ ದೀಪಕ್ಕೆ ಬಾಯಿ ಹಾಕಿದಿರಿ. ಪಂಜರ ವಾಲಿತು, ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಇಳಿತದ ನೀರು ಭರದಿಂದ ಓಡತೊಡಗಿತು. ನಮ್ಮ ಕೊಲ್ಲಿಯ ನೀರು ಓಡುವಾಗ ಯಾರ ಮಾತನ್ನೂ ಕೇಳುವುದಿಲ್ಲವೆಂದು ತಾವು ಬಲ್ಲಿರಿ. ಕೇಬಲ್ಲು ಬಿಗಿದು ದೋಣಿಯ ಹಿಂಭಾಗ ಜಗ್ಗಿತು, ಡೆಕ್ಕಿನ ಮೇಲೆ ನೀರು ನುಗ್ಗಿತು.

“ವಿಂಚ್ ಹಾಕ್ಲಾ?” ಎಂದು ಡೆಲ್ಫಿಸ್ ಕೂಗಿದ. “ಒಂದೇ ಎಳೆತಕ್ಕೆ ಬಂಡೆ ಸಮೇತ ಎದ್ದು ಬರುತ್ತೆ!”

“ಬೇಡ, ಬೇಡ! ಅದರ ಹಿಂದೆ ನೋಡಿ, ಮೊಟ್ಟೆ!” ಮಿಸ್ ಹಾರ್ಲೋ ನನ್ನ ತೋಳು ಹಿಡಿದರು. ತಮ್ಮ ಬೆನ್ನ ಹಿಂದೆ, ಅದೇ ಬಂಡೆಯ ಬುಡದಲ್ಲಿ, ಬನ್ನಿನಷ್ಟು ದಪ್ಪದ ಹಳದಿ ಉಂಡೆಯೊಂದಿತ್ತು. ತಾವು ಓಡಿಹೋಗಬಹುದಿತ್ತು. ಹೋಗಲಿಲ್ಲ. ಆ ಉಂಡೆಗೆ ಮೈ ಸುತ್ತಿಕೊಂಡು, ನೇರ ಪರದೆಯೊಳಗಿಂದ ನನ್ನನ್ನೇ ದುರುಗುಟ್ಟಿ ನೋಡಿದಿರಿ.

ಮಾನ್ಯರೇ, ನನ್ನ ಕೈ ಕೇಬಲ್ಲು ಎಳೆಯುವ ವಿಂಚ್ ಯಂತ್ರದ ಹಿಡಿಯ ಮೇಲಿತ್ತು. ಕಾಣದೆ ಇದ್ದಿದ್ದರೆ ಎಳೆದೇ ಬಿಡುತ್ತಿದ್ದೆ. ಕಂಡ ಮೇಲೆ ಎಳೆಯಲು ಧೈರ್ಯ ಬೇಕು, ಅದು ನನ್ನಲ್ಲಿರಲಿಲ್ಲ. ಕೇಬಲ್ಲನ್ನು ಸಡಿಲ ಬಿಟ್ಟು, ದೋಣಿಯ ಮೂತಿಯನ್ನು ಸೆಳೆತಕ್ಕೆ ಎದುರಾಗಿ ತಿರುಗಿಸಿ, ಎಂಜಿನ್ನಿನ ಬಲದಿಂದ ಒಂದೇ ಜಾಗದಲ್ಲಿ ನಿಲ್ಲಿಸಿದೆ. ಎಂಜಿನ್ ಕೈಕೊಟ್ಟಿದ್ದರೆ ಕೇಬಲ್ಲು ನಮ್ಮನ್ನು ಅಡ್ಡಡ್ಡ ಮಗುಚುತ್ತಿತ್ತು. ಅದಕ್ಕಾಗಿ ಡೆಲ್ಫಿಸ್ ಕೊಡಲಿ ಹಿಡಿದು ಕೇಬಲ್ಲಿನ ಪಕ್ಕ ನಿಂತ. ನೀರು ನಿಲ್ಲುವವರೆಗೆ ಹಾಗೆಯೇ ಇದ್ದೆವು. ಅಷ್ಟು ಹೊತ್ತೂ ಪರದೆಯಲ್ಲಿ ತಮ್ಮ ಸಂಸಾರವನ್ನೇ ನೋಡಿದೆವು. ತಾವು ಮುಳ್ಳುಚೆಂಡೆಂಬ ದುಂಡು ಕಡಲಜೀವಿಯೊಂದನ್ನು ಮುಳ್ಳುಸಮೇತ ಅಗಿದಿರಿ, ಇಣುಕಿದ ಏಡಿಯನ್ನು ಅಟ್ಟಿದಿರಿ, ಮೊಟ್ಟೆಗೆ ಬಾಲದಿಂದ ಗಾಳಿಯಂತೆ ನೀರು ಬೀಸಿದಿರಿ. ಲೂಸೀಲ್ ಕಟ್ಟಿಕೊಟ್ಟಿದ್ದ ರಾಪ್ಯೂರನ್ನು, ಕೋಳಿಯೂ ತುರಿದ ಆಲೂಗಡ್ಡೆಯೂ ತಣ್ಣಗೆ ಅಂಟಾಗಿದ್ದರೂ, ನಾವು ಒಂದೇ ತಟ್ಟೆಯಿಂದ ತಿಂದೆವು. ಒಬೆಲಿನ್ ತಿನ್ನುವುದನ್ನು ಬಿಟ್ಟು ಪರದೆಯ ಹತ್ತಿರ ಸರಿದಳು.

“ಇಲ್ಲೇ ಮೇಲೆ ಇಷ್ಟು ವರ್ಷ ಗಾಳ ಬಿಟ್ಟೆ” ಎಂದಳು ಕೊನೆಗೆ. “ಕೆಳಗೆ ಇಂಥದ್ದೊಂದು ಊರಿದೆ ಅಂತ ನಂಗೂ ಗೊತ್ತಿರ್ಲಿಲ್ಲ ಕಣೋ.”

ನೀರು ನಿಂತಾಗ ದೋಣಿಯನ್ನು ಆಚೆ ಬದಿಗೆ ಒಯ್ದು ಮೆಲ್ಲನೆ ಎತ್ತಿದೆವು. ತಮ್ಮ ಹಲ್ಲಿನ ಗುರುತಿನೊಂದಿಗೆ ಕ್ಯಾಮೆರಾ ಬಂತು.

ಮುಂದಿನ ಸಭೆಯಲ್ಲಿ ಆ ಚಿತ್ರವನ್ನು ಊರೆಲ್ಲ ನೋಡಿತು. ನುಣುಚಿಕೊಳ್ಳಲು ನಾನು ಪ್ರಯತ್ನಿಸಲಿಲ್ಲವೆಂದು ತಿಳಿಯಬೇಡಿ. ಹೆಸರಿಟ್ಟು ಕರೆಯುವಂಥ ಜೀವ ಎಂದಿದ್ದೆನೇ ಹೊರತು ಇಷ್ಟು ಕುರೂಪದ್ದು ಎಂದಿರಲಿಲ್ಲ, ಎಂದು ವಾದಿಸಲು ಬಾಯಿ ತೆರೆದೆ. ಒಬೆಲಿನ್ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿ ಕೈ ಎತ್ತಿದೆ. ಸಂಘದವರ ಸಾಲಿನಲ್ಲಿ ಅದೊಂದೇ ಕೈ, ಹಗ್ಗದಿಂದ ತೆಗೆಯಲು ಮರೆತ ಬಟ್ಟೆಯ ಹಾಗೆ ತೂಗಾಡುತ್ತಿತ್ತು.

“ಹೊಟ್ಟೆ ಮೇಲೆ ಹೊಡೆದೆಯಲ್ಲೋ ಥಿಯೋ” ಎಂದ ನನ್ನ ಚಿಕ್ಕಪ್ಪನ ಮಗ ಫಿಡೆಲ್. ಅವನು ಕೆಟ್ಟವನಲ್ಲ, ಹೊಸ ದೋಣಿ, ಮೂರು ಸಣ್ಣ ಮಕ್ಕಳು. ಗಲಾಟೆ ಎದ್ದಿತು. ಕೊನೆಗೆ ಅರ್ಧ ಮುಚ್ಚುವುದು, ಅರ್ಧ ಬಿಡುವುದು ಎಂದಾಯಿತು. ಗೆರೆ ಎಲ್ಲಿ ಎಳೆಯಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ, ತಳ ಕಂಡವನು ಇವನು ತಾನೇ ಎಂದು, ನನ್ನ ಕಡೆ ನೋಡಿದರು. ನಾನು ನಕ್ಷೆಯ ಮೇಲೆ ಹೆಬ್ಬೆರಳನ್ನು ಊರಿ, “ಇದರ ಪೂರ್ವಕ್ಕೆಲ್ಲ ಬಂದ್, ಪಶ್ಚಿಮಕ್ಕೆಲ್ಲ ನಿಮ್ಮದು” ಎಂದು ತೀರ್ಪಿತ್ತೆ. ಮತ್ತೆ ಚಪ್ಪಾಳೆ. ಬೆರಳಿನ ಪೂರ್ವದ ಅಂಚಿಗೆ ಸರಿಯಾಗಿ ಪೆನ್ನಿನ ಗೆರೆ ಬಿತ್ತು. ಅದೇ ಸಭೆಯಲ್ಲಿ ಸಂಘದವರು ನನ್ನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು, ಅದಕ್ಕೂ ಚಪ್ಪಾಳೆಯೇ.

ಅಚ್ಚಾದ ನಕ್ಷೆಯನ್ನು ಮಿಸ್ ಹಾರ್ಲೋ ನನ್ನ ಮನೆಗೆ ತಂದು, ಅದರಲ್ಲಿ ತಾವು ನೆಲೆಸಿರುವ ಬಂಡೆಯನ್ನು ತೋರಿಸಿದರು. ಅದು ನನ್ನ ಹೆಬ್ಬೆರಳಿನ ಅಡಿಯಲ್ಲಿತ್ತು. ಗೆರೆಯಿಂದ ಎರಡು ದೋಣಿಯುದ್ದ ಪಶ್ಚಿಮಕ್ಕೆ. ನನ್ನ ಬೆರಳುಗಳು ದಪ್ಪ, ಮಾನ್ಯರೇ. ಬುದ್ಧಿಯೂ ಹಾಗೆಯೇ. ಸಾಲದ್ದಕ್ಕೆ ಆ ಚಿತ್ರದಲ್ಲಿ ತಮ್ಮ ಅಂಗಳದ ತುಂಬ ತಟ್ಟೆಯಗಲದ ಸ್ಕಾಲಪ್ ಚಿಪ್ಪುಗಳು ಬಿದ್ದಿದ್ದನ್ನು ಊರೆಲ್ಲ ನೋಡಿತ್ತು. ಬಂಡೆಯ ಮೇಲೂ ಉರುಳಿಕೊಂಡು ಹೋಗುವ, ಗಾಲಿ ಕಟ್ಟಿದ ಬಲೆಯನ್ನು ಫಿಡೆಲ್ ಆಗಲೇ ತರಿಸಿದ್ದ. ಮಂಡಳಿಯ ಕಚೇರಿಗೆ ಓಡಿದೆ. ಅಲ್ಲಿನ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, “ಗೆರೆ ತೋರಿಸಿದ್ದು ತಾವೇ ಅಲ್ವಾ?” ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಹೀಗಿವೆ. ದಯವಿಟ್ಟು ತಾವು ಮೊಟ್ಟೆಯ ಉಂಡೆಯೊಂದಿಗೆ ಎರಡು ದೋಣಿಯುದ್ದ ಪೂರ್ವಕ್ಕೆ ಮನೆ ಬದಲಿಸಬೇಕು. ನೆರೆಹೊರೆ ಒಳ್ಳೆಯದಿದೆ, ಮುಳ್ಳುಚೆಂಡು ಹೇರಳವಾಗಿದೆ. ಹೊರಡುವಾಗ ಪಚ್ಚಿಲೆ ದಿಣ್ಣೆಯನ್ನೂ ಸ್ಪಂಜುಗಳನ್ನೂ ಜೊತೆಗೆ ಒಯ್ದರೆ ಮತ್ತೂ ಉಪಕಾರ. ಅದು ಕಷ್ಟವೆಂದಾದರೆ ಕೊಂಚ ಸುಂದರರಾಗಬೇಕು. ತಾವು ಮುದ್ದು ಮುಖದ ಸೀಲ್ ಮರಿಯಾಗಿದ್ದರೆ ಗೆರೆ ಎಂದೋ ಬಾಗುತ್ತಿತ್ತು. ಅದೂ ಆಗದಿದ್ದರೆ ಮೊಟ್ಟೆಗಳನ್ನಾದರೂ ಬೇಗ ಒಡೆಸಬೇಕು.

ಏಕೆಂದರೆ ಗೋರುಬಲೆಯ ಋತು ಈ ಸೋಮವಾರ ಆರಂಭವಾಯಿತು, ಮತ್ತು ನಾನು ಬಲೆಯನ್ನು ದಡದಲ್ಲೇ ಬಿಟ್ಟು ಹೊರಟೆ. “ಬಲೆ ಇಲ್ದೆ ಹೋಗೋದಾ? ಜನ ನಗ್ತಾರೆ ತಾಂಡೇಲ್ರೇ” ಎಂದ ಡೆಲ್ಫಿಸ್. ನಗಲಿ ಎಂದೆ. ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ನಾನೂ ಬರ್ತೀನಿ. ಒಬ್ರೇ ನಗಿಸ್ಕೊಂಡ್ರೆ ಚೆನ್ನಾಗಿರಲ್ಲ” ಎಂದು ಹತ್ತಿ ಕುಳಿತ. ತಮ್ಮ ನೆತ್ತಿಯ ಮೇಲೆ ಬಂದು ನಿಂತೆವು. ಲಂಗರು ಹಾಕಿದರೆ ತಮ್ಮ ಮನೆಯ ಮೇಲೆಯೇ ಬೀಳುವುದರಿಂದ ಸುತ್ತುತ್ತಲೇ ಇದ್ದೆವು. ದೋಣಿ ಹತೋಟಿ ತಪ್ಪಿದೆಯೆಂದು ಸಾರುವ ಎರಡು ಕಪ್ಪು ಚೆಂಡುಗಳನ್ನು ಕಂಬಕ್ಕೇರಿಸಿದೆವು. ಅವುಗಳನ್ನು ಕಂಡರೆ ಉಳಿದ ದೋಣಿಗಳು ದೂರ ಸರಿಯಬೇಕೆಂಬುದು ಕಡಲಿನ ಕಾನೂನು. ಹತೋಟಿ ತಪ್ಪಿದ್ದು ದೋಣಿಯಲ್ಲ, ತಾಂಡೇಲ. ಅದಕ್ಕೆ ಬೇರೆ ಚೆಂಡಿಲ್ಲ.

ಫಿಡೆಲ್ ಬಂದ. “ಏನಾಯ್ತೋ ಥಿಯೋ?”

“ಎಂಜಿನ್ ಕೆಟ್ಟಿದೆ!”

“ಹೊಗೆ ಬರ್ತಿದೆಯಲ್ಲೋ!”

“ಕೆಟ್ಟಿರೋದಕ್ಕೇ ಹೊಗೆ!”

ಅವನು ನನ್ನ ವಂಶಾವಳಿಯನ್ನು, ಅದು ತನ್ನದೂ ಹೌದೆಂಬುದನ್ನು ಮರೆತು, ಬೈದ. ನಾನು ಟೋಪಿ ತೆಗೆದು ನಮಸ್ಕರಿಸಿದೆ. ನಾವು ಮೂರು ಸುತ್ತು ಹಾಕುವವರೆಗೂ ಕಾದು ನೋಡಿ, ಕೊನೆಗೆ ಅವನು ಪಶ್ಚಿಮದ ಜಲ್ಲಿತಳದ ಕಡೆಗೆ ತಿರುಗಿದ. ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ ನನ್ನ ಎಂಜಿನ್ ನಿಜವಾಗಿಯೂ ಕೆಟ್ಟಿತು. ಅಂದು ಒಬೆಲಿನ್ ತನ್ನ ಪುಟ್ಟ ದೋಣಿಯನ್ನು ಅದೇ ಜಾಗದಲ್ಲಿ ತಂದು ನಿಲ್ಲಿಸಿ, ಗಾಳ ಬಿಟ್ಟು, ಹತ್ತಿರ ಬಂದವರಿಗೆಲ್ಲ ಉಪದೇಶ ಮಾಡಿದಳಂತೆ. ಸಂಜೆಯ ಹೊತ್ತಿಗೆ ಅತ್ತ ಯಾರೂ ಸುಳಿಯದಂತಾಯಿತು. ಮೊಟ್ಟೆ ಒಡೆಯಲು ವಸಂತ ಬರಬೇಕೆಂದು ಮಿಸ್ ಹಾರ್ಲೋ ಹೇಳುತ್ತಾರೆ. ಲೂಸೀಲ್ ಹೇಳುವುದು ಇಷ್ಟೇ: “ಮೀನು ಮೊಟ್ಟೆ ಕಾಯ್ತಿದೆ, ನೀವು ಮೀನನ್ನ ಕಾಯ್ತಿದೀರ, ನಿಮ್ಮನ್ನ ಕಾಯೋ ಕರ್ಮ ನಂದು.” ಹಾಗೆಂದವಳು ಬೆಳಿಗ್ಗೆ ಇಬ್ಬರಿಗಾಗುವಷ್ಟು ಬುತ್ತಿಯನ್ನೂ, ತನ್ನ ಅಕ್ಕನಿಗೆಂದು ಇನ್ನೊಂದನ್ನೂ ಕಟ್ಟಿದಳು. ಎಂಜಿನ್ ರಿಪೇರಿಯಾಗಿದೆ. ನಾಳೆ ಮತ್ತೆ ಕೆಟ್ಟುಹೋಗುತ್ತದೆ.

ತಮ್ಮ ಕುಟುಂಬಕ್ಕೆ ಶುಭವಾಗಲಿ, ತಮ್ಮ ಹಲ್ಲುಗಳು ಮೊಂಡಾಗದಿರಲಿ ಎಂದು ಹಾರೈಸಿ, ಮೇಲಿನಿಂದಲೇ ಕೈಮುಗಿಯುವ,

ತಮ್ಮ ವಿಶ್ವಾಸಿ,
ಥಿಯೋಫೀಲ್ ಮೆಲಾನ್ಸನ್
ತಾಂಡೇಲ, ‘ಲಾ ಪಾಸಿಯಾನ್ಸ್’

ತಾ.ಕ.: ಗೆರೆಯ ಬಗ್ಗೆ ಆಕ್ಷೇಪಣೆಗಳನ್ನು ಮಂಡಳಿಯು ಈಗಲೂ ಸ್ವೀಕರಿಸುತ್ತದಂತೆ, ಆದರೆ ಅರ್ಜಿದಾರರು ಸದರಿ ಜಾಗದ ಕಾಯಂ ನಿವಾಸಿಯಾಗಿರಬೇಕಂತೆ, ಅರ್ಜಿ ಫ್ರೆಂಚ್ ಅಥವಾ ಇಂಗ್ಲಿಷಿನಲ್ಲಿರಬೇಕಂತೆ. ಇಡೀ ಕೊಲ್ಲಿಯಲ್ಲಿ ಆ ಅರ್ಹತೆಯಿರುವವರು ತಾವೊಬ್ಬರೇ. ಭಾಷೆಯ ವಿಚಾರದಲ್ಲಿ ನಾನು ಸಹಾಯ ಮಾಡಬಲ್ಲೆ. ಸಹಿಯ ಜಾಗದಲ್ಲಿ ಕಚ್ಚಿದರೆ ಸಾಕೇ ಎಂದು ಕಚೇರಿಯನ್ನು ಕೇಳಿದ್ದೇನೆ. ಎರಡು ಪ್ರತಿಗಳನ್ನು ಕಚ್ಚಬೇಕೆಂದು ಉತ್ತರ ಬಂದಿದೆ.