ಕುರಿ ಲಸಿಕೆಗೆ ಬಂದ ಬ್ಯಾಂಡ್ ಕಂಪನಿ

ನಮ್ಮ ತಾಲೂಕಿನ ಕುರಿ ಕ್ಷೇಮ ಕಚೇರಿಯಲ್ಲಿ ಈಮೇಲ್ ವಿಳಾಸವನ್ನು ಕೊನೆಯವರೆಗೆ ಬರೆಯುವ ಪದ್ಧತಿ ಇಲ್ಲ.

ಇದಕ್ಕೆ ಕಾರಣ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಡಕ್ಷರ ಒತ್ತಿದರೆ ಸಾಕು, ಮೊದಲು ಯಾರಿಗೆ ಪತ್ರ ಹೋಗಿದೆಯೋ ಅವರ ವಿಳಾಸವನ್ನು ಕಂಪ್ಯೂಟರೇ ತೋರಿಸುತ್ತದೆ. ಹೆಚ್ಚು ಸಲ ಹೋದದ್ದು ಮೇಲೆ ಬರುತ್ತದೆ. ಅದು ಸರಿಯಾದವರದೋ ಅಲ್ಲವೋ ಎಂಬುದು ಅದಕ್ಕೆ ತಿಳಿಯದು. ಆದರೂ ‘ಕಂಪ್ಯೂಟರ್ ಸೂಚಿಸಿದ ವಿಳಾಸವನ್ನು ಸಿಬ್ಬಂದಿ ತಿದ್ದತಕ್ಕದ್ದಲ್ಲ’ ಎಂದು ಸುತ್ತೋಲೆ ಇದೆ.

ಬಮ್ಮಿಗಟ್ಟಿಯ ಹೊಳೆಯಪ್ಪನಿಗೆ ಎಂಬತ್ತು ಕುರಿಗಳು. ಪಕ್ಕದ ಹಿಂಡಿಗೆ ನೀಲಿನಾಲಿಗೆ ರೋಗ ಬಂದಾಗ ಅವನು ಲಸಿಕೆಗೆ ಅರ್ಜಿ ಕೊಟ್ಟ. ಗುಮಾಸ್ತ ವೆಂಕಣ್ಣ, ಡಾಕ್ಟರ್ ಬೀರಲಿಂಗ ಅವರಿಗೆ ಆದೇಶ ಕಳಿಸಲು ‘ಬೀರ’ ಎಂದು ಒತ್ತಿದ. ಬೀರೇಶ್ವರ ಬ್ರಾಸ್ ಬ್ಯಾಂಡ್, ಕುಂದಗೋಳ ಎಂದು ಬಂತು. ಹೋದ ವರ್ಷ ಕಚೇರಿ ಉದ್ಘಾಟನೆಗೆ ಆ ಬ್ಯಾಂಡಿನವರ ಟೊಪ್ಪಿಗೆಯ ಬಣ್ಣದ ಬಗ್ಗೆಯೇ ಒಂಬತ್ತು ಪತ್ರ ಹೋಗಿದ್ದವು. ವೆಂಕಣ್ಣ ಕಳಿಸಿದ.

ಮರುದಿನ ಬೆಳಿಗ್ಗೆ ಹನ್ನೊಂದು ಜನ ಹಟ್ಟಿಯ ಮುಂದೆ ಇಳಿದರು.

“ಯಾರ್ರಿ ನೀವು?” ಹೊಳೆಯಪ್ಪ ಕೇಳಿದ.

ಬ್ಯಾಂಡಿನ ಮಾಲೀಕ ಪುಂಡಲೀಕ ಮೊಬೈಲ್ ತೋರಿಸಿದ. “ಸಿಬ್ಬಂದಿ, ಸಲಕರಣೆ ಸಹಿತ ಹಾಜರಾಗಬೇಕು ಅಂತ ಆದೇಶ ಐತ್ರಿ. ಹಾಜರಾಗೀವಿ.”

“ಸೂಜಿ ಎಲ್ಲೈತ್ರಿ?”

“ಸೂಜಿ ಇಲ್ಲ ಕಾಕಾ, ಕ್ಲಾರಿನೆಟ್ ಐತಿ.”

“ನನ್ನ ಕುರಿ ಸತ್ರ?”

“ಅದಕ್ಕೂ ಬ್ಯಾರೆ ಹಾಡು ಕಲ್ತೀವ್ರಿ.”

ಒಂದು ತಾಸು ನುಡಿಸಿ, ಹಾಜರಿಗೆ ಹೆಬ್ಬೆಟ್ಟು ಹಾಕಿಸಿಕೊಂಡು ಹೋದರು. ಹೊಳೆಯಪ್ಪ ಕಚೇರಿಗೆ ಓಡಿದ.

“ಡಾಕ್ಟರ್ ಹೆಸರಿಗೆ ಕಳಸ್ರಿ, ವೆಂಕಣ್ಣಾರ.”

“ಅವರಿಗೆ ಒಮ್ಮೆನೂ ಪತ್ರ ಹೋಗಿಲ್ಲ. ಹಂಗಾಗಿ ಅವರ ಹೆಸರು ಬರಂಗಿಲ್ಲ.”

“ಹಂಗಾರ ಒಮ್ಮೆ ಕಳಸ್ರಿ.”

“ಹೆಸರು ಬಂದ್ರ ಕಳಸ್ತೀನಿ.”

ಡಾಕ್ಟರ್ ಬಾಜು ಕೋಣೆಯಲ್ಲೇ ಆದೇಶಕ್ಕಾಗಿ ಕಾಯುತ್ತ ಕುಳಿತಿದ್ದರು. ಲಸಿಕೆ ಪೆಟ್ಟಿಗೆ ಅವರ ಮಡಿಲಲ್ಲೇ ಇತ್ತು. ಆದರೆ ಬಾಯಿಮಾತಿನ ಆದೇಶ ನಡೆಯುವುದಿಲ್ಲ. ವೆಂಕಣ್ಣ ಮೂರು ಸಲ ಮತ್ತೆ ಪ್ರಯತ್ನಿಸಿದ. ಮೂರೂ ಸಲ ಬ್ಯಾಂಡಿಗೇ ಹೋಗಿ, ಬ್ಯಾಂಡಿನ ಹೆಸರು ಇನ್ನಷ್ಟು ಗಟ್ಟಿಯಾಯಿತು. ಅಷ್ಟರಲ್ಲಿ ಹೊಳೆಯಪ್ಪನ ಎರಡು ಕುರಿ ಮೇವು ಬಿಟ್ಟವು.

ಕೊನೆಗೆ ಡಾಕ್ಟರೇ ದಾರಿ ಕಂಡುಕೊಂಡರು. ಕುಂದಗೋಳಕ್ಕೆ ಹೋಗಿ ಪುಂಡಲೀಕನಿಗೆ ಅರ್ಜಿ ಕೊಟ್ಟು, ಬ್ಯಾಂಡಿನಲ್ಲಿ ಝಾಂಜ ಬಾರಿಸುವ ಕೆಲಸಕ್ಕೆ ಸೇರಿದರು. ಮುಂದಿನ ಆದೇಶಕ್ಕೆ ಬ್ಯಾಂಡ್ ಹೊರಟಾಗ ಸಿಬ್ಬಂದಿಯಾಗಿ ಅವರೂ ಹೊರಟರು, ಸಲಕರಣೆಯಾಗಿ ಸೂಜಿಯೂ ಹೊರಟಿತು. ಎರಡು ಹಾಡಿನ ನಡುವೆ ಎಪ್ಪತ್ತೆಂಟು ಕುರಿಗಳಿಗೆ ಲಸಿಕೆಯಾಯಿತು, ಎರಡಕ್ಕೆ ಔಷಧಿ ಕುಡಿಸಿದರು. ಎಂಬತ್ತೂ ಉಳಿದವು. ವರದಿಯಲ್ಲಿ ‘ಲಸಿಕೆ ಅಧಿಕಾರಿ’ ಎಂಬಲ್ಲಿ ಪುಂಡಲೀಕನ ಸಹಿ ಇದೆ.

ಈ ವರ್ಷ ಬೀರಲಿಂಗ ಅವರಿಗೆ ವರ್ಗವಾಗಿ ಹೊಸ ಡಾಕ್ಟರ್ ಊರ್ಮಿಳಾ ಬಂದರು. ಹಟ್ಟಿಗೆ ಬ್ಯಾಂಡಿನ ಟೊಪ್ಪಿಗೆ ಹಾಕಿಕೊಂಡೇ ಬಂದಿದ್ದರು. ಹೊಳೆಯಪ್ಪ ಅವರ ಸೂಜಿಯ ಚೀಲದತ್ತ ನೋಡಲೇ ಇಲ್ಲ.

“ಝಾಂಜ ಬರತೈತೇನ್ರಿ, ಬಾಯಾರ?”

“ಬರತೈತ್ರಿ. ಮೂರು ತಿಂಗಳು ತರಬೇತಿ ಆಗೈತಿ.”

“ಹಂಗಾರ ಬರ್ರಿ, ಕುರಿ ಹಿಡೀತೀನಿ.”