ಹೆಂಡತಿ ಕೊಟ್ಟ ನೋಟಿಸು

ಹೆಂಡತಿಯಿಂದ ಬೈಸಿಕೊಳ್ಳದ ಗಂಡ ಎಲ್ಲಾದರೂ ಇದ್ದರೆ ಅವನಿಗೆ ಇನ್ನೂ ಮದುವೆಯಾಗಿಲ್ಲ ಎಂದೇ ತಿಳಿಯಬೇಕು. ಕೆಲವರು ಅಡುಗೆಮನೆಯ ಬಾಗಿಲಲ್ಲಿ ಬೈಸಿಕೊಳ್ಳುತ್ತಾರೆ, ಕೆಲವರು ಫೋನಿನಲ್ಲಿ, ಇನ್ನು ಕೆಲವು ಪುಣ್ಯವಂತರು ಬೀಗರ ಎದುರಿಗೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬೈಗುಳ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಕರಗುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಆದರೆ ನನ್ನ ಹೆಂಡತಿ ನನ್ನನ್ನು ಬೈದದ್ದು ಬಿಳಿ ಹಾಳೆಯ ಮೇಲೆ, ಶಾಲೆಯ ಮೊಹರು ಒತ್ತಿ, ಹೊರಹೋಗುವ ಪತ್ರಗಳ ಜಾವಕ ಪುಸ್ತಕದಲ್ಲಿ ನಂಬರು ಹಾಕಿಸಿ. ಅದರ ಒಂದು ಪ್ರತಿ ನನ್ನ ಕಡತದಲ್ಲಿದೆ. ನಾನು ನಿವೃತ್ತನಾಗುವವರೆಗೂ ಅದು ಅಲ್ಲೇ ಇರುತ್ತದೆ. ಗೆದ್ದಲು ಹಿಡಿಯಲಿ ಎಂದು ಹಾರೈಸುವುದನ್ನು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ.

ನಾವಿಬ್ಬರೂ ಒಂದೇ ಶಾಲೆಯ ಶಿಕ್ಷಕರು. ಮನೆ ಸಿಂಧನೂರಿನಲ್ಲಿ, ಶಾಲೆ ಜವಳಗೇರಾ ಕಡೆಯ ರಸ್ತೆಯಲ್ಲಿ, ಕಾಲುವೆ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ. ನನ್ನ ಹೆಂಡತಿ ಅನ್ನಪೂರ್ಣ ಗಣಿತ ಕಲಿಸುತ್ತಾಳೆ, ನಾನು ಸಮಾಜ ವಿಜ್ಞಾನ. ಹೆಣ್ಣು ಗಂಡು ಸಮಾನ ಎಂಬ ಪಾಠ ಹೀಗಾಗಿ ನನ್ನ ಪಾಲಿಗೇ ಬಂದಿದೆ. ಅದನ್ನು ನಾನು ಎಷ್ಟು ಮನಮುಟ್ಟುವಂತೆ ಮಾಡುತ್ತೇನೆಂದರೆ, ಒಮ್ಮೆ ತಪಾಸಣೆಗೆ ಬಂದಿದ್ದ ಸಾಹೇಬರು ಕೊನೆಯ ಬೆಂಚಿನಲ್ಲಿ ಕೂತು ಕಣ್ಣು ಒರೆಸಿಕೊಂಡಿದ್ದರು. ಪಕ್ಕದ ಹೊಲದಲ್ಲಿ ಅವತ್ತು ಭತ್ತ ಕೊಯ್ಯುವ ಮಷಿನ್ ಓಡಾಡುತ್ತಿತ್ತು, ಕಿಟಕಿಯಿಂದ ಧೂಳು ಬಂದಿತ್ತು ಎಂದು ಅನ್ನಪೂರ್ಣ ಹೇಳುತ್ತಾಳೆ. ಗಣಿತದವರಿಗೆ ಭಾವನೆಗಳು ಅರ್ಥವಾಗುವುದಿಲ್ಲ.

ನಮ್ಮ ಹೆಡ್‌ಮಾಸ್ತರರು ನಿವೃತ್ತರಾದಾಗ, ಹೊಸಬರು ಬರುವತನಕ ಹಿರಿಯರೊಬ್ಬರು ಅವರ ಕೆಲಸ ನೋಡಿಕೊಳ್ಳಬೇಕು ಎಂದಾಯಿತು. ನಾನು ಅನ್ನಪೂರ್ಣಳಿಗಿಂತ ನಾಲ್ಕು ವರ್ಷ ದೊಡ್ಡವನು. ನಾಲ್ಕು ವರ್ಷ ಮೊದಲು ಹುಟ್ಟಿದ್ದೇನೆ, ನಾಲ್ಕು ವರ್ಷ ಮೊದಲು ನಡೆದಿದ್ದೇನೆ, ಮಾತಾಡಿದ್ದೇನೆ. ಆದರೆ ಸರ್ಕಾರಕ್ಕೆ ಮನುಷ್ಯ ಹುಟ್ಟುವುದು ನೌಕರಿಗೆ ಸೇರಿದ ದಿನ. ಆ ಲೆಕ್ಕದಲ್ಲಿ ಆಕೆ ನನಗಿಂತ ಒಂದು ವರ್ಷ ದೊಡ್ಡವಳು. ಆದೇಶ ಬಂತು, ಆಕೆ ಕುರ್ಚಿಯಲ್ಲಿ ಕೂತಳು. ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ಸಮಾನತೆಯ ಪಾಠ ಮಾಡುವವನು ಇನ್ನೇನು ತಾನೆ ಮಾಡಬಹುದು?

ಚಪ್ಪಾಳೆ ತಟ್ಟಿದ್ದರಿಂದ ನನಗೇನೂ ನಷ್ಟವಾಗಲಿಲ್ಲ ಎಂಬುದು ಕೆಲವೇ ದಿನಗಳಲ್ಲಿ ತಿಳಿಯಿತು. ಶಾಲಾ ಸಮಿತಿಯ ಅಧ್ಯಕ್ಷರು ಬಸನಗೌಡರು, ಊರಿನ ದೊಡ್ಡ ರೈತರು. ಅವರು ಹೊಸ ಹೆಡ್‌ಮಿಸ್ಟ್ರೆಸ್‌ಗೆ ಹಾರ ಹಾಕಲು ಬಂದವರು ಹಾರವನ್ನು ಅರ್ಧ ನಿಮಿಷದಲ್ಲಿ ಮುಗಿಸಿ, ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಒಂದು ತಾಸು ಶಾಲೆಯ ಅಭಿವೃದ್ಧಿಯ ಬಗ್ಗೆ ಮಾತಾಡಿದರು. ಹೆಣ್ಣುಮಕ್ಕಳಿಗೆ ನೇರ ಹೇಳುವುದು ಚಂದ ಕಾಣುವುದಿಲ್ಲ, ನೀವೇ ಮೇಡಂ ಅವರಿಗೆ ಹೇಳಿಬಿಡಿ ಎಂದರು. ಆಮೇಲೆ ವರ್ಗಾವಣೆ ಪತ್ರ ಕೇಳಲು ಬಂದ ಪಾಲಕರು, ಬಿಸಿಯೂಟದ ಅಕ್ಕಿ ಇಳಿಸಲು ಬಂದ ಲಾರಿಯವನು, ಎಲ್ಲರೂ ಕುರ್ಚಿಗೆ ಕೈಮುಗಿದು ನನ್ನ ಹತ್ತಿರ ಮಾತಾಡತೊಡಗಿದರು. ಸಹಿ ಮಾಡುವ ಕಷ್ಟ ಆಕೆಗೆ, ದೊಡ್ಡಸ್ತಿಕೆಯ ಸುಖ ನನಗೆ. ಇದು ಅನ್ಯಾಯ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಸುಖದಲ್ಲಿರುವವನಿಗೆ ಅನ್ಯಾಯ ಕಾಣಿಸುವುದು ಅಪರೂಪ.

ಹಾಜರಿ ಪುಸ್ತಕದ ಜವಾಬ್ದಾರಿ ಹಳೆಯ ಹೆಡ್‌ಮಾಸ್ತರರ ಕಾಲದಿಂದಲೂ ನನ್ನದು. ಹತ್ತು ಗಂಟೆಗೆ ಪ್ರಾರ್ಥನೆ. ಹತ್ತೂ ಐದಕ್ಕೆ ಬಾರದವರ ಹೆಸರಿನ ಮುಂದೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಆ ಗೆರೆ ಹೆಚ್ಚಾಗಿ ಬೀಳುತ್ತಿದ್ದುದು ವಿಜ್ಞಾನ ಕಲಿಸುವ ನಾಗವೇಣಿ ಟೀಚರ ಹೆಸರಿನ ಮುಂದೆ. ಆಕೆಯ ಮನೆ ಮಸ್ಕಿಯಲ್ಲಿ. ಗಂಡನ ಅಂಗಡಿ ಅಲ್ಲೇ ಇದೆ, ಲಕ್ವಾ ಹೊಡೆದು ಮಲಗಿದ ಮಾವ ಅಲ್ಲೇ ಇದ್ದಾರೆ, ಇಬ್ಬರು ಸಣ್ಣ ಮಕ್ಕಳಿದ್ದಾರೆ. ಮಸ್ಕಿಯಿಂದ ಸಿಂಧನೂರಿಗೆ ಒಂದು ಬಸ್ಸು, ಅಲ್ಲಿಂದ ಶಾಲೆಗೆ ಇನ್ನೊಂದು. ಎರಡನೆಯ ಬಸ್ಸು ಊರ ಮುಂದೆ ನಿಲ್ಲುವಾಗ ಸರಿಯಾಗಿ ಹತ್ತೂ ಹತ್ತು ಆಗಿರುತ್ತಿತ್ತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತ ಬರುತ್ತಿದ್ದಳು. ಬಂದವಳು ಗೆರೆ ನೋಡುತ್ತಿದ್ದಳು, ಏನೂ ಅನ್ನದೆ ಕ್ಲಾಸಿಗೆ ಹೋಗುತ್ತಿದ್ದಳು. ಅವಳ ಮೌನವನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದಿದ್ದೆ.

ಡಿಸೆಂಬರಿನ ಸಿಬ್ಬಂದಿ ಸಭೆಯಲ್ಲಿ ನಾನೇ ಎದ್ದು ನಿಂತು, ಯಾರ ಹೆಸರನ್ನೂ ಹೇಳದೆ, ಆದರೆ ನಾಗವೇಣಿ ಟೀಚರ ಕಡೆಗೇ ನೋಡುತ್ತ, ಶಿಸ್ತಿನ ಬಗ್ಗೆ ಮಾತಾಡಿದೆ. ಮನೆ ಬೇರೆ, ಶಾಲೆ ಬೇರೆ. ಮನೆಯ ಗಂಟನ್ನು ಶಾಲೆಯ ಗೇಟಿನ ಹೊರಗೇ ಇಟ್ಟು ಬರಬೇಕು. ಒಂದೇ ವಾರದಲ್ಲಿ ಮೂರು ಸಲ ಗೆರೆ ಬಿದ್ದವರಿಗೆ ಲಿಖಿತ ನೋಟಿಸು ಕೊಡಬೇಕು ಎಂದೆ. ಅನ್ನಪೂರ್ಣ ಕುರ್ಚಿಯಲ್ಲೇ ನನ್ನ ಕಡೆಗೆ ತಿರುಗಿದಳು.

"ನಿಯಮ ಅಂದಮ್ಯಾಲೆ ಎಲ್ಲಾರಿಗೂ ಒಂದ ಅಲ್ರಿ, ಸರ್?"

ಖಂಡಿತ ಎಂದೆ. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರಿನಲ್ಲೇ ನಿರ್ಣಯ ಬರೆಯಲಾಯಿತು. ನನ್ನ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನು ಬರೆದವನೂ ನಾನೇ.

ಜನವರಿಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ ಶುರುವಾಯಿತು. ಗಣಿತದಲ್ಲಿ ಹಿಂದೆ ಬಿದ್ದವರೇ ಹೆಚ್ಚು, ಹೀಗಾಗಿ ಅನ್ನಪೂರ್ಣ ಏಳು ಗಂಟೆಯ ಬಸ್ಸಿಗೆ ಹೊರಟುಬಿಡಬೇಕಾಯಿತು. ಅದುವರೆಗೆ ನಾವಿಬ್ಬರೂ ಒಂಬತ್ತೂವರೆಗೆ ನನ್ನ ಬೈಕಿನಲ್ಲಿ ಹೋಗುತ್ತಿದ್ದೆವು. ಬೈಕು ಹತ್ತುವ ಮೊದಲು ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಹಾಲು ಕಾಯುತ್ತದೆ, ರೊಟ್ಟಿ ಆಗುತ್ತದೆ, ಡಬ್ಬಿ ತುಂಬುತ್ತದೆ, ಅಂಗಿ ಇಸ್ತ್ರಿಯಾಗುತ್ತದೆ ಎಂದೇ ನಂಬಿದ್ದೆ. ಇವೆಲ್ಲ ಸೂರ್ಯ ಹುಟ್ಟಿದ ಹಾಗೆ ತಾವಾಗಿಯೇ ಆಗುವಂಥವು, ಸೂರ್ಯನನ್ನು ಯಾರಾದರೂ ಎಬ್ಬಿಸುತ್ತಾರೆಯೇ?

ಮೊದಲ ಸೋಮವಾರ ಎದ್ದಾಗ ಅನ್ನಪೂರ್ಣ ಹೋಗಿಯಾಗಿತ್ತು. ಮಧ್ಯಾಹ್ನದ ಪಲ್ಯ ಮಾಡಿಟ್ಟಿದ್ದಳು. ಉಳಿದದ್ದು ನನ್ನದು. ಹಾಲನ್ನು ಒಲೆಗಿಟ್ಟು ಪೇಪರು ಹಿಡಿದೆ. ಹಾಲು ಯಾರೂ ನೋಡದಿದ್ದಾಗ ಮಾತ್ರ ಉಕ್ಕುತ್ತದೆ ಎಂಬ ವಿಜ್ಞಾನ ನನಗೆ ಗೊತ್ತಿರಲಿಲ್ಲ. ಒಲೆ ತೊಳೆಯುವಷ್ಟರಲ್ಲಿ ನಮ್ಮವ್ವ, ಸಕ್ಕರೆ ಕಾಯಿಲೆಯವಳು, ಗುಳಿಗೆ ನುಂಗಿ ಅರ್ಧ ತಾಸಾಯಿತು, ತಿನ್ನಲು ಏನಾದರೂ ಕೊಡು ಎಂದಳು. ಉಪ್ಪಿಟ್ಟು ಮಾಡಿದೆ. ಅದನ್ನು ಬಾಯಿಗೆ ಹಾಕಿಕೊಂಡ ಅವ್ವ ಬಹಳ ಹೊತ್ತು ಅಗಿದು, ಉಪ್ಪು ಎರಡು ಸಲ ಬಿದ್ದಿದೆ ಎಂದು ಮಾತ್ರ ಹೇಳಿದಳು. ಅಷ್ಟರಲ್ಲಿ ನಳ ಬಂತು. ನಮ್ಮ ಓಣಿಯಲ್ಲಿ ನಳ ಬಂದರೆ ದೇವರು ಬಂದ ಹಾಗೆ, ಬಿಟ್ಟು ಹೋಗುವಂತಿಲ್ಲ; ಮತ್ತೆ ಯಾವಾಗ ದರ್ಶನವೋ ಹೇಳಲಾಗದು. ಎರಡು ಡ್ರಮ್ಮು, ಆರು ಕೊಡ ತುಂಬಿಸಿ ಶಾಲೆಗೆ ಹೋದಾಗ ಹತ್ತೂ ಇಪ್ಪತ್ತೆರಡು. ನಾನಿಲ್ಲದ್ದರಿಂದ ಜವಾನ ಹುಸೇನಸಾಬ ಗೆರೆ ಎಳೆದಿದ್ದ. ಹದಿನೈದು ವರ್ಷದಲ್ಲಿ ನಾನು ಎಳೆದ ಯಾವ ಗೆರೆಯೂ ಅಷ್ಟು ನೇರವಾಗಿರಲಿಲ್ಲ.

ಮಂಗಳವಾರ ಅಂಗಿ ಸುಟ್ಟಿತು. ಬುಧವಾರ ಬೀಗದ ಕೈ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಹೋಯಿತೆಂದು ನಾನೂ ಕೇಳಲಿಲ್ಲ, ಅವ್ವನೂ ಹೇಳಲಿಲ್ಲ. ಬುಧವಾರ ನಾನು ಓಡುತ್ತ ಒಳಗೆ ಬಂದಾಗ ನಾಗವೇಣಿ ಟೀಚರು ಆಗಲೇ ಸಹಿ ಮಾಡಿ, ಒಂದು ಕಟ್ಟು ನೋಟ್‌ಬುಕ್ಕು ತಿದ್ದಿ ಮುಗಿಸಿದ್ದಳು. ನನ್ನ ನಿರ್ಣಯ ಬಂದ ಮೇಲೆ ಆಕೆ ನಾಲ್ಕು ಗಂಟೆಗೇ ಎದ್ದು ಒಂದು ಬಸ್ಸು ಮೊದಲೇ ಹಿಡಿಯುತ್ತಿದ್ದಳಂತೆ. ನನ್ನ ಹೆಸರಿನ ಮುಂದಿನ ಮೂರನೆಯ ಗೆರೆ ನೋಡಿದಳು. ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆಗೆ ಸರಿಸಿದಳು. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು.

ಗುರುವಾರ ಹುಸೇನಸಾಬ ನೋಟಿಸು ತಂದುಕೊಟ್ಟು, ತಲುಪಿದ್ದಕ್ಕೆ ಸಹಿ ಮಾಡಿರಿ ಎಂದ. ಎಲ್ಲರ ಎದುರಿಗೇ ಓದಿದೆ. 'ಸದರಿ ಶಿಕ್ಷಕರು ಸತತ ಮೂರು ದಿನ ವಿಳಂಬವಾಗಿ ಹಾಜರಾಗಿದ್ದು, ಸೂಕ್ತ ಸಮಜಾಯಿಷಿಯನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು.' ಕೆಳಗೆ, ನಮ್ಮ ಮದುವೆ ನೋಂದಣಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿರುವ ಅದೇ ಸಹಿ.

ಸಂಜೆ ಮನೆಯಲ್ಲಿ ಆಕೆ ಹಿಟ್ಟು ನಾದುತ್ತಿದ್ದಳು. ಬಾಗಿಲಲ್ಲಿ ನಿಂತು, ಇಷ್ಟಕ್ಕೆ ನೋಟಿಸು ಬೇಕಿತ್ತೇ ಎಂದು ಕೇಳಿದೆ.

"ಅದು ಸಾಲಿ ಮಾತು. ಮನಿಯಾಗ ಯಾಕ?" ಎಂದಳು, ತಲೆ ಎತ್ತದೆ. "ಮನಿ ಬ್ಯಾರೆ, ಸಾಲಿ ಬ್ಯಾರೆ ಅಂತ ನೀವ ಹೇಳೀರಿ."

ಇನ್ನುಳಿದದ್ದು ಅವ್ವನ ನ್ಯಾಯಾಲಯ. ಹೆತ್ತವಳು ಮಗನ ಕೈ ಬಿಡುತ್ತಾಳೆಯೇ? ಕಟ್ಟಿಕೊಂಡ ಗಂಡನಿಗೆ ನೋಟಿಸು ಕೊಡುವ ಕಾಲ ಬಂತಲ್ಲ ಎಂದು ಅವ್ವನೂ ಮೊದಲು ಗಲ್ಲದ ಮೇಲೆ ಕೈ ಇಟ್ಟುಕೊಂಡಳು. ಏನು ಬರೆದಿದ್ದಾಳೆ ಓದು ಎಂದಳು. ದನಿಯಲ್ಲಿ ಸಾಧ್ಯವಾದಷ್ಟು ದುಃಖ ತುಂಬಿ ಓದಿದೆ. ಅವ್ವ ಗಲ್ಲದ ಮೇಲಿನ ಕೈ ತೆಗೆದಳು.

"ಆಕಿ ಬರದದ್ದರಾಗ ಸುಳ್ಳ ಏನೈತಿ, ಯಪ್ಪಾ?"

ಅಪೀಲು ಅಲ್ಲಿಗೆ ಮುಗಿಯಿತು. ಸಮಜಾಯಿಷಿ ಬರೆಯಲು ಕೂತೆ. ಬಸ್ಸು ಕೆಟ್ಟಿತು ಎನ್ನೋಣವೆಂದರೆ ಬೈಕು ಹೊರಗೇ ನಿಂತಿದೆ. ಜ್ವರ ಎನ್ನೋಣವೆಂದರೆ ಓದುವವಳು ಮೂರೂ ರಾತ್ರಿ ಅದೇ ಮನೆಯಲ್ಲಿ ಮಲಗಿದವಳು. ಇಲಾಖೆಯ ಇತಿಹಾಸದಲ್ಲಿ ನೌಕರನೊಬ್ಬ ಸುಳ್ಳು ಹೇಳಲು ಇಷ್ಟು ಅನುಕೂಲವಿಲ್ಲದೆ ಒದ್ದಾಡಿದ್ದು ಇಲ್ಲವೇನೋ. ಮೂರು ಹಾಳೆ ಹರಿದ ಮೇಲೆ ನಿಜವನ್ನೇ ಬರೆದೆ: 'ನನ್ನ ಪತ್ನಿಯವರು ಬೆಳಿಗ್ಗೆ ಬೇಗನೆ ಕರ್ತವ್ಯಕ್ಕೆ ತೆರಳುವುದರಿಂದ, ಹಾಲು ಕಾಯಿಸುವುದು, ತಾಯಿಯವರಿಗೆ ಉಪಾಹಾರ, ನೀರು ತುಂಬುವುದು ಮುಂತಾದ ಮನೆಗೆಲಸಗಳು ನನ್ನ ಮೇಲೆ ಬಿದ್ದು, ವಿಳಂಬವಾಗಿರುತ್ತದೆ.' ಬರೆದು ಮುಗಿಸಿ ಒಮ್ಮೆ ಓದಿಕೊಂಡೆ. ಇದರಲ್ಲಿ 'ಪತ್ನಿಯವರು' ಎಂಬ ಒಂದು ಮಾತು ತೆಗೆದರೆ ನಾಗವೇಣಿ ಟೀಚರು ಹತ್ತು ವರ್ಷದಿಂದ ಬರೆದುಕೊಡದೆ ಇದ್ದ ಪತ್ರವೇ ಅದು.

ಮರುದಿನ ಹಸಿರು ಶಾಯಿಯಲ್ಲಿ ಷರಾ ಬಂತು: 'ಸಮಜಾಯಿಷಿ ಪರಿಶೀಲಿಸಿದೆ. ಈ ಶಾಲೆಯಲ್ಲಿ ಈ ಕಾರಣವನ್ನು ಬರೆದುಕೊಟ್ಟವರಲ್ಲಿ ತಾವೇ ಮೊದಲಿಗರು. ಒಪ್ಪಿದೆ. ಇದೇ ಕಾರಣವನ್ನು ಇನ್ನು ಮುಂದೆ ಎಲ್ಲರಿಗೂ ಒಪ್ಪುವುದು.'

ಮುಂದಿನ ಸಭೆಯಲ್ಲಿ ಆಕೆ ವೇಳಾಪಟ್ಟಿ ಬದಲಿಸಿದಳು. ದೂರದಿಂದ ಎರಡು ಬಸ್ಸು ಹಿಡಿದು ಬರುವವರಿಗೆ ಮೊದಲ ಪಿರಿಯಡ್ ಬೇಡ, ಆ ಹೊತ್ತನ್ನು ಸಂಜೆ ಕೊಡಲಿ ಎಂದಳು. ನಾಗವೇಣಿ ಟೀಚರ ಮೊದಲ ಪಿರಿಯಡ್, ಮನೆಯಲ್ಲಿ ಬೈಕು ಇರುವ ನನಗೆ ಬಂತು. ನಾಗವೇಣಿ ಟೀಚರು ಸಭೆಯಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಸರ್ ಬರಕೊಟ್ಟಿದ್ದರಿಂದ ಛಲೋ ಆತ್ರಿ ಮೇಡಂ. ನಾ ಬರಕೊಟ್ಟಿದ್ರ ನೆಪಾ ಅಂತಿದ್ರು."

ಅಂತಿದ್ದವರು ಯಾರು ಎಂದು ಆಕೆ ಹೇಳಲಿಲ್ಲ. ಸಭೆಯಲ್ಲಿದ್ದವರೆಲ್ಲ ಮರ್ಯಾದಸ್ಥರು, ನನ್ನನ್ನು ಬಿಟ್ಟು ಬೇರೆಲ್ಲ ಕಡೆಗೆ ನೋಡಿದರು. ಆವತ್ತಿನಿಂದ ನಾನು ಐದೂವರೆಗೆ ಏಳತೊಡಗಿದೆ. ಹಾಲಿನ ಎದುರಿಗೇ ನಿಲ್ಲುತ್ತೇನೆ. ಉಪ್ಪಿಟ್ಟಿಗೆ ಅವ್ವ ಈಗ ಏನೂ ಅನ್ನುವುದಿಲ್ಲ. ಹೊಗಳಿಕೆ ಎಂದರೆ ಅಷ್ಟೇ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಸುಧಾರಿಸಿದ ಮನುಷ್ಯ ಎಂದು ನೀವು ಒಪ್ಪುತ್ತಿದ್ದಿರಿ. ಆದರೆ ನಾನು ಮನೆಗೆಲಸ ಮಾಡುವ ಸುದ್ದಿ ಹೇಗೋ ಬಸನಗೌಡರ ಕಿವಿಗೆ ಬಿತ್ತು. ಮಾರ್ಚಿನಲ್ಲಿ ಮಹಿಳಾ ದಿನಾಚರಣೆಗೆ ಅವರು ಶಾಲೆಗೆ ಒಂದು ಶಾಲು, ಒಂದು ಹಾರ ಹಿಡಿದುಕೊಂಡು ಬಂದರು. ಹೆಂಡತಿಯ ಬೆನ್ನಿಗೆ ನಿಂತ ಇಂಥ ಗಂಡಸು ಈ ಭಾಗದಲ್ಲೇ ಇಲ್ಲ ಎಂದು ವೇದಿಕೆಯ ಮೇಲೆ ಸಾರಿ, ಮಹಿಳಾ ದಿನದ ಏಕೈಕ ಸನ್ಮಾನವನ್ನು ನನಗೆ ಮಾಡಿದರು. ಎರಡು ತಿಂಗಳ ಉಪ್ಪಿಟ್ಟಿಗೆ ಒಂದು ಶಾಲು. ಇಪ್ಪತ್ತು ವರ್ಷ ರೊಟ್ಟಿ ಬಡಿದ ಅನ್ನಪೂರ್ಣ ಆ ಹೊತ್ತಿನಲ್ಲಿ ಅತಿಥಿಗಳಿಗೆ ಕುರ್ಚಿ ಸಾಲುತ್ತವೆಯೇ ಎಂದು ನೋಡುತ್ತಿದ್ದಳು. ನಾಗವೇಣಿ ಟೀಚರು ತಟ್ಟೆಯಲ್ಲಿ ಚಹಾ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದಳು. ಈ ಶಾಲು ನನ್ನದಲ್ಲ, ಅವರದು ಎಂದು ಹೇಳಬೇಕೆಂದು ಎದ್ದು ಮೈಕು ಹಿಡಿದೆ. ನಿಜವಾಗಿಯೂ ಹೇಳಬೇಕೆಂದೇ ಎದ್ದಿದ್ದೆ. ಆದರೆ ಜನ ಚಪ್ಪಾಳೆ ತಟ್ಟಿದರು. ಸಮಾನತೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಮಹಿಳೆಯರು ಮಾತಾಡಲು ಆಮೇಲೆ ಸಮಯ ಉಳಿಯಲಿಲ್ಲ.

ಸಂಜೆ ಬೈಕಿನ ಮೇಲೆ ಅನ್ನಪೂರ್ಣ ಶಾಲನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಮನೆಗೆ ಬಂದ ಮೇಲೆ ಶಾಲನ್ನು ಬಿಡಿಸಿ, ಬೆಳಕಿಗೆ ಹಿಡಿದು, ಅಂಚು ಮುಟ್ಟಿ ನೋಡಿದಳು. ಇನ್ನೊಂದು ನೋಟಿಸಿಗೆ ನಾನು ಮನಸ್ಸು ಗಟ್ಟಿ ಮಾಡಿಕೊಂಡು ನಿಂತೆ.

"ಛಲೋ ಐತಿ," ಎಂದಳು, ಮಡಚಿ ನನ್ನ ಕೈಗೆ ಕೊಡುತ್ತ. "ಆದ್ರ ಬಣ್ಣ ಬಿಡ್ತೈತಿ. ಒಗಿಯುವಾಗ ನಮ್ಮ ಅರಿವಿ ಜೊತಿ ಹಾಕಬ್ಯಾಡ್ರಿ, ಬ್ಯಾರೆ ನೆನಸ್ರಿ."